ಅಣ್ಣನ ಹೆಸರಿನ ಗಡ್ಡ

ಬಾಳ್ಳುಪೇಟೆಯಾಚೆಯ ಜಲ್ಲಿ ಕ್ರಷರಿನಲ್ಲಿ ಬಂಡೆ ಕೊರೆಯುತ್ತಿದ್ದ ವೀರಯ್ಯನ ಗಡ್ಡ ಗೊತ್ತಿಲ್ಲದವರಿರಲಿಲ್ಲ. ಬೆಳಿಗ್ಗೆ ಕಪ್ಪಗೆ ಬರುವ ಗಡ್ಡ ಸಂಜೆ ಬೆಳ್ಳಗಾಗಿ ಮನೆಗೆ ಹೋಗುತ್ತದೆಂದು ಜೊತೆಯವರು ನಗುತ್ತಿದ್ದರು. ಅವನೂ ನಗುತ್ತಿದ್ದ. ಆದರೆ ಅದನ್ನು ಬಿಟ್ಟಿದ್ದು ಶೋಕಿಗಲ್ಲ. ಅಣ್ಣ ಬೋರಯ್ಯನ ಉಸಿರು ಸರಿಹೋಗುವವರೆಗೆ ಕತ್ತರಿ ಮುಟ್ಟಿಸುವುದಿಲ್ಲ, ವಾಸಿಯಾದ ಮೇಲೆ ಧರ್ಮಸ್ಥಳದಲ್ಲಿ ಮುಡಿ ಕೊಡುತ್ತೇನೆ ಎಂದು ಹರಕೆ ಹೊತ್ತಿದ್ದ.

ಬೋರಯ್ಯನೂ ಅದೇ ಕೆಲಸದವನು. ಅಪ್ಪ ಅವ್ವ ಇಲ್ಲದ ತಮ್ಮನನ್ನು ಬಂಡೆ ಕೊರೆದೇ ಸಾಕಿದವನು. ಈಗ ಅಂಗಳ ದಾಟಿ ಕೊಟ್ಟಿಗೆಯವರೆಗೆ ನಡೆದರೆ ಕಂಬ ಹಿಡಿದು ನಿಲ್ಲಬೇಕು. ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಕೂತುಬಿಟ್ಟಿದೆ, ತೆಗೆಯಲು ಬರುವುದಿಲ್ಲ ಎಂದು ಡಾಕ್ಟರು ಎಕ್ಸ್‌ರೇ ತೋರಿಸಿ ಹೇಳಿದ್ದನ್ನು ಅವನ ಹೆಂಡತಿ ಭದ್ರಮ್ಮ ಕೇಳಿಸಿಕೊಂಡಿದ್ದಳು. ವೀರಯ್ಯನೂ ಕೇಳಿಸಿಕೊಂಡಿದ್ದ, ಒಪ್ಪಿಕೊಂಡಿರಲಿಲ್ಲ.

ಹೆದ್ದಾರಿ ಕೆಲಸಕ್ಕೆ ಜಲ್ಲಿ ಸಾಲದಾದ ವರ್ಷ ಸುನಿಲ್‌ಕುಮಾರ್ ಎಂಬ ಹೊಸ ಸೂಪರ್‌ವೈಸರ್ ಬಂದ. ಬಂದವನೇ ಬಂಡೆ ಕೊರೆಯುವ ಕಡೆಗೆ ನೀರಿನ ಪೈಪು ಎಳೆಸಿದ. ಮೋಡದಂತೆ ಏಳುತ್ತಿದ್ದ ಧೂಳು ಕೆಸರಾಗಿ ಕೆಳಗಿಳಿಯತೊಡಗಿತು. ಅಷ್ಟಾದರೂ ಗಾಳಿಯಲ್ಲಿ ಉಳಿಯುವುದು ಉಳಿದೇ ಉಳಿಯುತ್ತದೆಂದು ರಬ್ಬರಿನ ಮಾಸ್ಕುಗಳನ್ನು ತರಿಸಿ, ಎಲ್ಲರಿಗೂ ತಾನೇ ಕಟ್ಟಿ ನೋಡಿದ.

"ಫಿಲ್ಟರ್‌ನ ಅಂಗೈಲಿ ಮುಚ್ಚಿ ಉಸಿರು ಎಳೀರಿ. ಮುಖಕ್ಕೆ ಕಚ್ಕೊಂಡ್ರೆ ಸರಿಯಾಗಿ ಕೂತಿದೆ ಅಂತ."

ಎಲ್ಲರದ್ದೂ ಕಚ್ಚಿಕೊಂಡಿತು. ವೀರಯ್ಯನದು ಮಾತ್ರ ಇಲ್ಲ. ಎಷ್ಟು ಬಿಗಿದರೂ ಗಡ್ಡದ ಸಂದಿಯಿಂದ ಗಾಳಿ ನುಗ್ಗುತ್ತಿತ್ತು.

"ಗಡ್ಡ ತೆಗೀಬೇಕು ವೀರಯ್ಯ. ಇಲ್ಲಾಂದ್ರೆ ಕಟ್ಟಿದ್ರೂ ಒಂದೇ, ಬಿಟ್ರೂ ಒಂದೇ."

"ಆಗಾಕಿಲ್ಲ ಸಾರ್. ಹರಕೆ ಐತೆ."

"ಹಂಗಾದ್ರೆ ನಿಂಗೆ ಮಿಷನ್ ಕೊಡಲ್ಲ. ನಿಮ್ಮಣ್ಣನ್ನ ನೋಡ್ಕೊಂಡು ಬಂದೀನಿ ಮಾರಾಯ, ಅದೇ ಇನ್ನೊಂದ್ಸಲ ನೋಡಾಕೆ ನನ್ ಕೈಲಾಗಲ್ಲ."

ವೀರಯ್ಯ ಮನೆಗೆ ಬಂದ. ತಟ್ಟೆಯ ಮುದ್ದೆ ಹಾಗೇ ಉಳಿದಿದ್ದನ್ನು ಕಂಡು ಭದ್ರಮ್ಮ ಕೇಳಿದಾಗ ಎಲ್ಲ ಹೇಳಿದ. ಗೋಡೆಗೆ ಒರಗಿ ಕೂತಿದ್ದ ಬೋರಯ್ಯನೂ ಕೇಳಿಸಿಕೊಂಡ.

ಮರುದಿನ ರಜೆ. ಬಿಸಿಲು ಜಗಲಿಗೆ ಬರುತ್ತಿದ್ದಂತೆ ಬೋರಯ್ಯ ಬಿಸಿನೀರು, ಸೋಪು, ಕತ್ತರಿ, ಬ್ಲೇಡು ತರಿಸಿಕೊಂಡು ತಮ್ಮನನ್ನು ಕರೆದ.

"ಕೂತ್ಕೊ."

"ಬ್ಯಾಡ ಅಣ್ಣ. ನೀನು ವಾಸಿಯಾಗ್ಲಿ, ಆಮೇಲೆ."

"ನಾನು ವಾಸಿಯಾಗಾಕಿಲ್ಲ ಕಣೋ."

ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡದಿದ್ದ ಮಾತು ಅದು. ಒಳಗೆ ಭದ್ರಮ್ಮ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು.

"ನಿಂಗೂ ಗೊತ್ತೈತೆ," ಎಂದು ಬೋರಯ್ಯ ಉಸಿರು ತೆಗೆದುಕೊಂಡು ಮುಂದುವರಿಸಿದ. "ಹರಕೆ ನನ್ ಹೆಸರಲ್ಲಿ ತಾನೆ? ಸ್ವಾಮಿಗೆ ನಾನೇ ಹೇಳ್ಕೋತೀನಿ. ಈ ಮನೇಲಿ ಕೆಮ್ಮಾಕೆ ನಾನೊಬ್ನೇ ಸಾಕು."

ಭದ್ರಮ್ಮ ಹೊರಬಂದು, ಅರಿಶಿನದ ಬಟ್ಟೆಯಲ್ಲಿ ತಪ್ಪುಕಾಣಿಕೆ ಕಟ್ಟಿ ದೇವರ ಮುಂದೆ ಇಟ್ಟಳು. "ಕೂತ್ಕೊಳಪ್ಪ ವೀರ," ಎಂದಳು.

ವೀರಯ್ಯ ಕೂತ. ಬೋರಯ್ಯ ಕತ್ತರಿಸುವನು, ನಿಲ್ಲಿಸಿ ಉಸಿರು ಎಳೆದುಕೊಳ್ಳುವನು, ಮತ್ತೆ ಕತ್ತರಿಸುವನು. ದಣಿದ ಅವನ ಕೈಗೆ ಭದ್ರಮ್ಮ ತನ್ನ ಕೈ ಕೊಟ್ಟಳು. ವೀರಯ್ಯನ ಕಣ್ಣೀರು ಸೋಪಿನ ನೊರೆಗೆ ಇಳಿಯಿತು.

"ಅಲ್ಲಾಡ್ಬೇಡ, ಕುಯ್ದ್‌ಬುಟ್ಟೇನು," ಎಂದು ಬೋರಯ್ಯ ಗದರಿದ. ನೀರು ಹಾಕಿ ಮುಖ ಒರೆಸಿ, ಗಲ್ಲ ಹಿಡಿದು ತಿರುಗಿಸಿದವನು ಬೆರಗಾಗಿ ನೋಡಿದ. "ನೋಡೇ ಭದ್ರಿ, ನಮ್ಮವ್ವನ ಗಲ್ಲ. ಇದನ್ನ ಮುಚ್ಚಿಟ್ಕೊಂಡಿದ್ನಲ್ಲ ಇವ್ನು!"

ಮೂವರೂ ನಕ್ಕರು. ನಗುವಿನಿಂದ ಬೋರಯ್ಯನಿಗೆ ಕೆಮ್ಮು ಬಂತು, ವೀರಯ್ಯ ಅವನ ಬೆನ್ನು ನೀವಿದ.

ಸೋಮವಾರ ಮಾಸ್ಕು ವೀರಯ್ಯನ ಮುಖಕ್ಕೆ ಗಟ್ಟಿಯಾಗಿ ಕಚ್ಚಿಕೊಂಡಿತು. ಸುನಿಲ್‌ಕುಮಾರ್ ಎರಡು ಸಲ ಎಳೆದು ನೋಡಿ ಬೆನ್ನು ತಟ್ಟಿದ.

ಬೋರಯ್ಯ ಆಮೇಲೆ ಇನ್ನೆರಡು ಮಳೆಗಾಲ ಕಂಡ. ಅಷ್ಟು ದಿನವೂ ಸಂಜೆ ಕೆಲಸದಿಂದ ಬಂದ ತಮ್ಮನನ್ನು ಹತ್ತಿರ ಕರೆದು, ಅವನ ಎದೆಗೆ ಕಿವಿಯಿಟ್ಟು ಕೇಳುತ್ತಿದ್ದ.

"ಏನ್ ಕೇಳಿಸ್ತೈತೆ ಅಣ್ಣ?"

"ಏನೂ ಇಲ್ಲ," ಎನ್ನುತ್ತಿದ್ದ ಬೋರಯ್ಯ ಸಮಾಧಾನದಿಂದ. "ಹೋಗು, ಕೈಕಾಲು ತೊಳ್ಕೊಂಡು ಉಣ್ಣು."