ಗಾಜಿನೊಳಗಿನ ತೊರೆ

ತ್ರಾಕ್ ಬಿಳಿ ಹೊದಿಕೆಯ ಎರಡು ತುದಿ ಹಿಡಿದು ಬೀಸಿ ಗಾಜಿನ ತೊಟ್ಟಿಯ ಮೇಲೆ ಎಸೆದ. ಅದು ಒಂದು ಕ್ಷಣ ನಿಂತಂತೆ ಮಾಡಿ, ನಿಧಾನವಾಗಿ ಜಾರಿ ನೆಲಕ್ಕೆ ಬಿತ್ತು. ಎರಡನೆಯ ಸಲವೂ ಹಾಗೇ ಆಯಿತು.

"ಸತ್ತ ಮೇಲೂ ಅಣ್ಣ ಇದನ್ನ ಮುಟ್ಟೋಕೆ ಬಿಡಲ್ಲ ನೋಡಿ ಅತ್ತಿಗೆ," ಎಂದ. ನಗಲು ಹೋದವನು ನಡುಮನೆಯಲ್ಲಿದ್ದ ಶವಪೆಟ್ಟಿಗೆಯ ಕಡೆ ನೋಡಿ, ಬಿದ್ದ ಹೊದಿಕೆ ಎತ್ತಿಕೊಂಡ.

"ಮೇಲೆ ಎರಡು ಇಟ್ಟಿಗೆ ಇಡು, ನಿಲ್ಲುತ್ತೆ," ಎಂದಳು ಥೋವಾ. ಅವಳು ತೊಟ್ಟಿಗೆ ಬೆನ್ನು ಮಾಡಿಯೇ ಕೂತಿದ್ದಳು.

ಬೆಟ್ಟದೂರು ಬಾವ್‌ಲೋಕ್‌ನ ಆ ಸಣ್ಣ ಮನೆಯಲ್ಲಿ ಹೊಳೆಯುವುದಕ್ಕೆಲ್ಲ ನಿನ್ನೆ ಬೆಳಿಗ್ಗೆಯಿಂದ ಮುಸುಕು ಬಿದ್ದಿತ್ತು. ಕನ್ನಡಿ, ಟೀವಿ, ಬೀರುವಿನ ಬಾಗಿಲು. ಸತ್ತವನು ತನ್ನ ಮುಖ ತಾನೇ ಕಂಡುಬಿಟ್ಟರೆ ಅಲ್ಲೇ ನಿಂತುಬಿಡುತ್ತಾನಂತೆ, ಹೊರಡುವುದೇ ಇಲ್ಲವಂತೆ. ಉಳಿದದ್ದು ಈ ತೊಟ್ಟಿ ಒಂದೇ. ಒಂದು ಮಾರುದ್ದ, ಎದೆಯೆತ್ತರ. ಥೋವಾಳ ಗಂಡ ಬಾಂಗ್ ತನ್ನ ಕೈಯಾರೆ ಗಾಜು ಕತ್ತರಿಸಿ ಅಂಟಿಸಿದ್ದು. ಒಳಗೆ ಬಂಡೆಗೋಡೆ, ಅದರ ಮೇಲಿಂದ ಇಳಿಯುವ ಬೆರಳುಗಾತ್ರದ ಝರಿ, ಕೆಳಗೆ ಮಡು, ದಡದ ತುಂಬ ಪಾಚಿ, ಜರಿಗಿಡ. ಮುಸುಕು ಬಿದ್ದ ಮೇಲೂ ನೀರಿನ ಸದ್ದು ನಿಲ್ಲಲಿಲ್ಲ. ಮಂತ್ರ ಹೇಳುತ್ತಿದ್ದ ಗುರುಗಳು ಉಸಿರು ತೆಗೆದುಕೊಳ್ಳಲು ನಿಂತಾಗಲೆಲ್ಲ ಆ ಸದ್ದು ಕೇಳುತ್ತಿತ್ತು.

ಬೆಳಿಗ್ಗೆ ಸರಿಯಾಗಿ ಏಳು ಗಂಟೆಗೆ ಹೊದಿಕೆಯ ಒಳಗಿಂದ ಉದ್ದನೆಯ ಉಸಿರೊಂದು ಹೊರಬಂತು. ಶೋಕದ ಪಟ್ಟಿಗಳಿಗೆ ಬಿಳಿ ಬಟ್ಟೆ ಹರಿಯುತ್ತಿದ್ದ ಪಕ್ಕದ ಮನೆಯ ಹ್ವೇ ಅಜ್ಜಿ ಕೈಯಲ್ಲಿದ್ದುದನ್ನು ಕೆಳಗೆ ಹಾಕಿದಳು. ಹೊದಿಕೆ ಮೆಲ್ಲಗೆ ಉಬ್ಬಿ, ಮತ್ತೆ ಇಳಿಯಿತು.

"ಮಂಜು ಬಿಡೋ ಯಂತ್ರ ಅಜ್ಜಿ," ಎಂದ ಥೋವಾಳ ಮಗ ಲಾಮ್. "ಗಂಟೆಗೊಂದ್ಸಲ ಬಿಡುತ್ತೆ. ಅಪ್ಪನೇ ಟೈಮ್ ಇಟ್ಟಿರೋದು."

"ನಿಮ್ಮಪ್ಪ ಹೋಗಾಯ್ತು ಅಂತ ಅದಕ್ಕೂ ಯಾರಾದ್ರೂ ಹೇಳ್ರಪ್ಪ," ಎಂದು ಅಜ್ಜಿ ಎದೆ ನೀವಿಕೊಂಡಳು. ಆಮೇಲೆ ದನಿ ತಗ್ಗಿಸಿ, "ಹೋದ ತಿಂಗಳು ನೋಡೋಕೆ ಬಂದಿದ್ದೆ ಕಣೇ ಥೋವಾ. ನಿನ್ನ ಗಂಡ ಅದರ ಮುಂದೆ ಕೂತ್ಕೊಂಡು, ಈ ಸಲ ಟೀ ತೋಟದಲ್ಲಿ ಹೂವು ಜಾಸ್ತಿ ಅಂತಿದ್ದ. ನನಗೇ ಹೇಳ್ತಿದ್ದಾನೆ ಅಂದ್ಕೊಂಡು ಹೂಂ ಅಂದೆ. ತಿರುಗಿ ನೋಡಿದ ನೋಡು, ಕಳ್ಳ ಸಿಕ್ಕಿಬಿದ್ದ ಹಾಗೆ."

"ಕಪ್ಪೆ ಇದಾವಂತೆ ಒಳಗೆ. ಅವುಗಳ ಜೊತೆ ಮಾತಾಡ್ತಿದ್ರು," ಎಂದಳು ಥೋವಾ.

"ಕಪ್ಪೆ ಜೊತೆ ಟೀ ತೋಟದ ಮಾತಾ?"

ಥೋವಾ ಅಜ್ಜಿ ಕೆಳಗೆ ಹಾಕಿದ್ದ ಬಟ್ಟೆ ಎತ್ತಿಕೊಂಡು ಹರಿಯತೊಡಗಿದಳು. ಎರಡು ವರ್ಷದಿಂದ ಅವಳು ಆ ತೊಟ್ಟಿಯ ಒಳಗೆ ಒಮ್ಮೆಯೂ ಕಣ್ಣು ಹಾಯಿಸಿರಲಿಲ್ಲ. ಹರಿಯುವ ನೀರು ಕಂಡರೆ ಅವಳಿಗಾಗದು ಎಂಬುದು ಬೀದಿಗೆಲ್ಲ ಗೊತ್ತಿತ್ತು.

ಮಂತ್ರ ಮುಗಿಸಿದ ಗುರುಗಳು ತಲೆಗೆ ಕಟ್ಟುವ ಪಟ್ಟಿಗಳ ತಟ್ಟೆಯನ್ನು ಹತ್ತಿರ ಎಳೆದುಕೊಂಡರು. "ಮಕ್ಕಳೆಷ್ಟು?"

"ಒಂದು," ಎಂದ ತ್ರಾಕ್.

"ಎರಡು," ಎಂದಳು ಥೋವಾ.

ಗುರುಗಳು ಇಬ್ಬರ ಮುಖವನ್ನೂ ನೋಡಿದರು. ತ್ರಾಕ್ ನೆಲ ನೋಡುತ್ತ, "ದೊಡ್ಡವಳು ಮಿಯೆನ್. ಆರು ವರ್ಷದವಳಿದ್ದಾಗ ತೊರೆಗೆ ಬಿದ್ದು ಹೋದಳು. ಇಪ್ಪತ್ನಾಲ್ಕು ವರ್ಷ ಆಯ್ತು ಗುರುಗಳೇ," ಎಂದ.

"ಸಿಕ್ಕಿಲ್ಲ," ಎಂದಳು ಥೋವಾ. "ಸಿಕ್ಕಿಲ್ಲದವಳನ್ನ ಹೋದಳು ಅನ್ನಬೇಡ."

"ಹಾಗಿದ್ರೆ ಪಟ್ಟಿ ಎರಡು ಇಡ್ತೀನಿ," ಎಂದರು ಗುರುಗಳು. ಇಂಥ ಜಗಳ ಅವರಿಗೆ ಹೊಸದಲ್ಲ. "ಆದರೆ ಒಂಬತ್ತಕ್ಕೆ ಪೆಟ್ಟಿಗೆ ಎತ್ತೋ ಮುಂಚೆ ನನಗೊಂದು ಮಾತು ಹೇಳಬೇಕಮ್ಮ. ಎಲ್ಲೋ ದೂರದಲ್ಲಿರೋ ಮಗಳದಾದ್ರೆ ಪಟ್ಟಿ ಈ ತಟ್ಟೇಲೇ ಇರಲಿ, ಬಂದಾಗ ಕಟ್ಕೊಳ್ತಾಳೆ. ತೀರಿಹೋದವಳದಾದ್ರೆ ಪೆಟ್ಟಿಗೆ ಮೇಲಿಟ್ಟು ಅಪ್ಪನ ಜೊತೆ ಮಣ್ಣಿಗೆ ಕಳಿಸಬೇಕು. ಎರಡರಲ್ಲಿ ಒಂದು. ತಪ್ಪಿದರೆ ಹೋಗೋರ ಕಾಲು ತೊಡರುತ್ತೆ."

"ತಟ್ಟೇಲೇ ಇರಲಿ," ಎಂದಳು ಥೋವಾ.

*

ಬಾಂಗ್‌ನ ಕಸುಬೇ ತೊರೆಗಳ ಮೇಲೆ ನಿಂತಿತ್ತು. ಬೆಟ್ಟದ ತೊರೆಗಳಿಂದ ಪಾಚಿ, ಕಲ್ಲು, ಜರಿಗಿಡ ಹೆಕ್ಕಿ ತಂದು ಸೈಗಾನಿನ ಅಂಗಡಿಗಳಿಗೆ ಕೊಡುತ್ತಿದ್ದ. ಆಮೇಲಾಮೇಲೆ ಹೋಟೆಲುಗಳಿಗೆ, ಕಾಫಿ ಅಂಗಡಿಗಳಿಗೆ ತಾನೇ ಗಾಜಿನ ತೊಟ್ಟಿಯಲ್ಲಿ ಕಾಡು ಕೂರಿಸಿಕೊಡತೊಡಗಿದ. ಇಪ್ಪತ್ತನಾಲ್ಕು ವರ್ಷದ ಹಿಂದಿನ ಆ ದಿನ ಮಗಳು ನಾನೂ ತೊರೆಗೆ ಬರ್ತೀನಿ ಎಂದು ಹಟ ಹಿಡಿದಿದ್ದಳು. ಕಳಿಸಿದವಳು ಥೋವಾಳೇ. ಮಧ್ಯಾಹ್ನ ಅವನೊಬ್ಬನೇ ಬಂದ. ಬುಟ್ಟಿ ಇನ್ನೂ ಬೆನ್ನ ಮೇಲಿತ್ತು, ಪಾಚಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ತಾನು ಆಚೆ ದಡದಲ್ಲಿದ್ದೆ, ಮೇಲಿನಿಂದ ಒಮ್ಮೆಲೇ ನೀರು ಬಂತು, ಅಷ್ಟೇ ಎಂದ. ಅದಾದ ಮೇಲೆ ಆ ದಿನದ ಬಗ್ಗೆ ಅವನ ಬಾಯಿಂದ ಇನ್ನೊಂದು ಮಾತು ಬರಲಿಲ್ಲ.

ಊರವರು ಒಂಬತ್ತು ದಿನ ಹುಡುಕಿದರು. ಹತ್ತನೆಯ ದಿನ ಯಾರೋ ಒಬ್ಬ ಬಂದು, ಕೆಳಗಿನ ಊರಿನ ಬಸ್‌ನಲ್ಲಿ ಗಂಡಹೆಂಡಿರಿಬ್ಬರು ಒದ್ದೆ ಬಟ್ಟೆಯ ಹುಡುಗಿಯನ್ನು ಕರೆದುಕೊಂಡು ಹೋದದ್ದನ್ನು ನೋಡಿದೆ ಎಂದ. ಥೋವಾ ಆ ಮಾತನ್ನು ಹಿಡಿದುಕೊಂಡಳು, ಮತ್ತೆ ಬಿಡಲೇ ಇಲ್ಲ. ಮೂರು ಊರು ಅಲೆದಳು. ಎರಡು ವರ್ಷದ ಮೇಲೆ ಲಾಮ್ ಹುಟ್ಟಿದ. ಆದರೂ ಮನೆಯಲ್ಲಿ ಮಿಯೆನ್‌ಗೆ ತಿಥಿಯಿಲ್ಲ, ಪೂಜೆಯ ಮಣೆಯ ಮೇಲೆ ಫೋಟೋ ಇಲ್ಲ. ಹೊಸವರ್ಷದ ಊಟಕ್ಕೆ ಅವಳ ಬಟ್ಟಲು ಇದ್ದೇ ಇರುತ್ತಿತ್ತು. ಬಾಂಗ್ ಅದಕ್ಕೆ ಅನ್ನ ಬಡಿಸುತ್ತಿದ್ದ, ಥೋವಾಳ ಮುಖ ಮಾತ್ರ ನೋಡುತ್ತಿರಲಿಲ್ಲ. ಇವನು ಮನಸ್ಸಿನಲ್ಲೇ ಮಗಳನ್ನು ಮಣ್ಣು ಮಾಡಿ ಮುಗಿಸಿದ್ದಾನೆ ಎಂದು ಥೋವಾಗೆ ಸಿಟ್ಟು. ಆ ಸಿಟ್ಟಿನಲ್ಲೇ ಅವಳು ಅವನ ಜೊತೆ ಇಪ್ಪತ್ತನಾಲ್ಕು ವರ್ಷ ಬಾಳಿದಳು.

*

ಎಂಟು ಗಂಟೆಗೆ ತೊಟ್ಟಿ ಇನ್ನೊಮ್ಮೆ ಉಸಿರು ಬಿಟ್ಟಿತು. ಗಂಜಿ ಕುಡಿಯುತ್ತಿದ್ದ ಬಂಧುಗಳಲ್ಲಿ ಕೆಲವರು ಬಟ್ಟಲು ಹಿಡಿದು ಅಂಗಳಕ್ಕೆ ಎದ್ದುಹೋದರು.

ಅಂಗಳದಲ್ಲಿ ಥೋವಾ ಗಿಡಗಳಿಗೆ ಪಟ್ಟಿ ಕಟ್ಟುತ್ತಿದ್ದಳು. ಮನೆಯ ಯಜಮಾನ ಹೋದಾಗ ಅವನು ನೆಟ್ಟ ಗಿಡಗಳೂ ಶೋಕದ ಬಟ್ಟೆ ತೊಡಬೇಕು. ಇಲ್ಲದಿದ್ದರೆ ಅವೂ ಒಣಗಿ ಅವನ ಹಿಂದೆ ಹೋಗುತ್ತವೆ. ಹಲಸಿಗೆ ಕಟ್ಟಿದಳು, ಬೆಣ್ಣೆಹಣ್ಣಿನ ಮರಕ್ಕೆ ಕಟ್ಟಿದಳು, ಕುಂಡದ ಆರ್ಕಿಡ್‌ಗಳಿಗೆ ನೂಲಿನಷ್ಟು ಸಣ್ಣ ಪಟ್ಟಿ ಕಟ್ಟಿದಳು. ಪ್ರತಿಯೊಂದಕ್ಕೂ "ನಿಮ್ಮ ಯಜಮಾನ್ರು ಹೋದ್ರು, ನೀವು ಇರಿ" ಎಂದು ಮೆಲ್ಲಗೆ ಹೇಳುತ್ತಿದ್ದಳು. ಅಷ್ಟು ಹೊತ್ತೂ ಬರದ ಅಳು ಬೆಣ್ಣೆಹಣ್ಣಿನ ಮರದ ಬುಡದಲ್ಲಿ ಬಂತು.

"ಒಳಗಿನವಕ್ಕೂ ಕಟ್ಟಬೇಕಲ್ಲಮ್ಮ," ಎಂದ ಲಾಮ್.

"ಯಾವುದಕ್ಕೆ?"

"ತೊಟ್ಟೀಲಿರೋವಕ್ಕೆ. ಅಪ್ಪ ಎಲ್ಲಕ್ಕಿಂತ ಜಾಸ್ತಿ ನೋಡ್ಕೊಂಡಿದ್ದು ಅವನ್ನೇ."

"ನೀನೇ ಕಟ್ಟು."

"ಮನೆಯೊಡತಿ ಕಟ್ಟಬೇಕಂತೆ," ಎಂದು ಹ್ವೇ ಅಜ್ಜಿ ಜಗಲಿಯಿಂದಲೇ ಕೂಗಿದಳು. "ಬೇರೆಯವರು ಕಟ್ಟಿದ್ರೆ ಗಿಡ ಒಪ್ಪಲ್ಲ. ಹೋಗೇ, ನೀರೇನು ನಿನ್ನ ನುಂಗಲ್ಲ." ಅಂದ ಮೇಲೆ ತಾನು ಆಡಿದ್ದೇನೆಂದು ಹೊಳೆದು ಅಜ್ಜಿ ಬಾಯಿಗೆ ಕೈ ಒತ್ತಿಕೊಂಡಳು.

ಥೋವಾ ಒಂದು ಪಟ್ಟಿ ಕೈಗೆ ತೆಗೆದುಕೊಂಡಳು.

*

ಎರಡು ವರ್ಷದ ಹಿಂದೆ, ಬೇಸಿಗೆಯಲ್ಲಿ, ತೊರೆಗಳೆಲ್ಲ ಬತ್ತಿ ಕಲ್ಲು ಕಾಣುವ ಕಾಲದಲ್ಲಿ ಬಾಂಗ್ ಒಂದು ದಿನ ಚೀಲ ಹೊತ್ತು ಮನೆಗೆ ಬಂದ. ಊಟ ಬೇಡ ಎಂದ. ಹಿತ್ತಲಲ್ಲಿ ಕೂತು ಚೀಲದಲ್ಲಿದ್ದುದನ್ನು ತುಂಬ ಹೊತ್ತು ತೊಳೆದ. ಕಲ್ಲು ತೊಳೆಯುತ್ತಿದ್ದಾನೆ ಎಂದುಕೊಂಡು ಥೋವಾ ಮಲಗಿದಳು.

ಮರುದಿನವೇ ದಪ್ಪ ಗಾಜು ತಂದ. "ಊರಿಗೆಲ್ಲ ಮಾಡಿಕೊಟ್ಟೆ, ಮನೆಗೂ ಒಂದು ಇರಲಿ," ಎಂದ. ಹೋಟೆಲಿನ ತೊಟ್ಟಿಯನ್ನು ವಾರದಲ್ಲಿ ಮುಗಿಸುತ್ತಿದ್ದವನು ಇದಕ್ಕೆ ಆರು ತಿಂಗಳು ತೆಗೆದುಕೊಂಡ. ಹಿಂಬದಿಗೆ ಡಬ್ಬಿಯ ಫೋಮ್ ನೊರೆ ಉಬ್ಬಿಸಿ, ಅದು ಗಟ್ಟಿಯಾದ ಮೇಲೆ ಚಾಕುವಿನಿಂದ ಬಂಡೆ ಕೆತ್ತಿದ. ಇದಲ್ಲ ಎಂದು ಒಡೆದುಹಾಕಿ ಮತ್ತೆ ಕೆತ್ತಿದ. ಮೇಲೆ ಸಿಮೆಂಟು ಬಳಿದು, ತೆಂಗಿನ ನಾರಿನ ಪುಡಿ ಒತ್ತಿದ. ಪಂಪನ್ನು ಬಂಡೆಯ ಹಿಂದೆ ಅಡಗಿಸಿದ. ಸಿಮೆಂಟಿನ ಸುಣ್ಣದ ಖಾರ ಇಳಿಯಲೆಂದು ನಲವತ್ತು ದಿನ ನೀರು ಬದಲಾಯಿಸಿದ. ಆಗಲೇ ಅವನಿಗೆ ಕೆಮ್ಮು ಶುರುವಾಗಿತ್ತು.

ಪಾಚಿ ಹಿಡಿದ ದಿನ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. "ಒಂದ್ಸಲ ಬಂದು ನೋಡೇ," ಎಂದ.

"ನನಗೆ ನೀರು ತೋರಿಸಬೇಡಿ."

"ನೀರಲ್ಲ ಕಣೇ."

"ಇನ್ನೇನು?"

ಅವನು ಉಗುರಿನಲ್ಲಿ ಸಿಕ್ಕಿದ್ದ ಪಾಚಿ ಕೆರೆದುಕೊಂಡ. ಆಮೇಲೆ, "ಏನಿಲ್ಲ," ಎಂದು ಹೊರಟುಹೋದ.

*

ಲಾಮ್ ಇಟ್ಟಿಗೆ ತೆಗೆದು ಹೊದಿಕೆ ಎಳೆದ. ಮುಚ್ಚಳದ ಗಾಜು ಸರಿಸಿದ. ಹಸಿ ಮಣ್ಣಿನ, ಕೊಳೆತ ಎಲೆಯ ವಾಸನೆ ಮೇಲೆದ್ದಿತು.

ಥೋವಾ ನೋಡಿದಳು.

ಅದೇ ತೊರೆ. ಇಪ್ಪತ್ತನಾಲ್ಕು ವರ್ಷದ ಹಿಂದೆ ಅವಳು ಊದುಬತ್ತಿ ಹಚ್ಚಿ ಕೂಗಿ ಕೂಗಿ ಗಂಟಲು ಹರಿದುಕೊಂಡ ಜಾಗ. ಎರಡಾಗಿ ಸೀಳಿದ ಬಂಡೆ, ಎಡಕ್ಕೆ ವಾಲಿದ ಝರಿ. ಒಂದು ಮಾತ್ರ ಬೇರೆ. ಅಲ್ಲಿ ದಡ ಗೋಡೆಯಂತೆ ನೆಟ್ಟಗಿತ್ತು. ಇಲ್ಲಿ ಮಡುವಿನ ಅಂಚಿನಿಂದ ದಡದವರೆಗೆ ಮೆಟ್ಟಿಲುಗಳಿದ್ದವು. ಪುಟ್ಟ ಕಾಲಿಗೆ ಎಟುಕುವಂಥ ಏಳು ಕಲ್ಲು, ಪಕ್ಕದಲ್ಲಿ ಹಿಡಿದುಕೊಳ್ಳಲು ಒಂದು ಬೇರು. ಎಲ್ಲ ಕಡೆ ಹುಲುಸಾಗಿದ್ದ ಪಾಚಿ ಆ ಏಳು ಕಲ್ಲುಗಳ ಮೇಲೆ ಮಾತ್ರ ಹಿಡಿದಿರಲಿಲ್ಲ, ದಿನವೂ ಯಾರೋ ಹತ್ತಿಳಿಯುವ ಜಾಗದಲ್ಲಿ ಸವೆಯುತ್ತದಲ್ಲ, ಹಾಗೆ ನುಣ್ಣಗಿದ್ದವು.

ಬಾಂಗ್ ಮರೆತಿರಲಿಲ್ಲ. ದಿನವೂ ಅಲ್ಲೇ ಇದ್ದ, ಅವಳು ಬೆನ್ನು ತಿರುಗಿಸಿ ಕೂತಿದ್ದಾಗಲೂ.

"ಅಮ್ಮ, ಹಾಗೇ ಕೈ ಹಾಕಬೇಡ, ಕರೆಂಟ್ ಇದೆ," ಎಂದು ಲಾಮ್ ತೊಟ್ಟಿಯ ಹಿಂದೆ ಬಗ್ಗಿ ಪ್ಲಗ್ ಕಿತ್ತ.

ಝರಿ ತೆಳ್ಳಗಾಗಿ, ಹನಿಯಾಗಿ, ನಿಂತಿತು. ಒಂದೂವರೆ ವರ್ಷದಿಂದ ಆ ಮನೆಯಲ್ಲಿ ಒಂದು ಗಳಿಗೆಯೂ ನಿಲ್ಲದ ಸದ್ದು ನಿಂತಾಗ ಹೊರಗೆ ಮಾತಾಡುತ್ತಿದ್ದವರೂ ಯಾಕೋ ಒಳಗೆ ತಿರುಗಿ ನೋಡಿದರು. ಮಡುವಿನ ಅಲೆ ಅಡಗಿ ನೀರು ತಿಳಿಯಾಯಿತು. ತಳ ಕಂಡಿತು.

ತೊರೆಯ ಮರಳಿನ ಮೇಲೆ, ಒಪ್ಪವಾಗಿ ಜೋಡಿಸಿ, ಕೆಲವು ಸಣ್ಣ ಎಲುಬುಗಳಿದ್ದವು. ಬೆರಳಿನಷ್ಟು, ಗೇಣಿನಷ್ಟು. ಅವುಗಳ ಪಕ್ಕ ಒಂದು ಬೆಳ್ಳಿಯ ಬಳೆ, ಕಪ್ಪಾಗಿತ್ತು. ಹಲ್ಲು ಬರುವಾಗ ಮಗು ಕಚ್ಚಿ ಕಚ್ಚಿ ಒಂದು ಕಡೆ ನಗ್ಗಿಸಿದ ಬಳೆ. ಅದನ್ನು ಮಾಡಿಸಿ ತೊಡಿಸಿದವಳೇ ಅವಳು.

"ಕಟ್ಟಿದ್ಯಾ ಅಮ್ಮ?" ಲಾಮ್ ತೊಟ್ಟಿಯ ಹಿಂದಿನಿಂದಲೇ ಕೇಳಿದ.

ಥೋವಾ ಕೂಗಲಿಲ್ಲ. ಕೂಗು ಅವಳಲ್ಲಿ ಯಾವತ್ತೋ ಮುಗಿದುಹೋಗಿತ್ತು. ಅಂಗಿಯ ತೋಳು ಮೇಲೆ ಸರಿಸದೆ, ಹಾಗೇ ಮೊಣಕೈಯವರೆಗೆ ನೀರಿಗೆ ಕೈ ಇಳಿಸಿದಳು. ಇಳಿಸಿದವಳು ಬೆಚ್ಚಿದಳು.

ನೀರು ಬೆಚ್ಚಗಿತ್ತು.

ಬೆಟ್ಟದ ಪಾಚಿಗೆ ತಣ್ಣೀರೇ ಬೇಕು, ನೀರು ಬಿಸಿಯಾದರೆ ಕೊಳೆಯುತ್ತೆ ಎಂದು ಹೋಟೆಲಿನವರಿಗೆಲ್ಲ ಗದರುತ್ತಿದ್ದವನು ಬಾಂಗ್. ಸೆಕೆಗಾಲದಲ್ಲಿ ಅವರ ತೊಟ್ಟಿಗಳಿಗೆ ತಾನೇ ಐಸ್ ಹೊತ್ತುಕೊಂಡು ಹೋಗಿ ಹಾಕುತ್ತಿದ್ದವನು. ಅವನೇ ಇಲ್ಲಿ, ಮರಳಿನ ಕೆಳಗೆ, ನೀರು ಕಾಯಿಸುವ ಕೊಳವೆ ಹೂತಿಟ್ಟಿದ್ದ. ಮಗುವಿಗೆ ಸ್ನಾನ ಮಾಡಿಸುವ ನೀರಿನಷ್ಟೇ ಹದ.

ಬಾಗಿಲಲ್ಲಿ ತ್ರಾಕ್ ನಿಂತಿದ್ದ. "ಅತ್ತಿಗೆ, ಒಂಬತ್ತಾಯ್ತು. ಪೆಟ್ಟಿಗೆ ಎತ್ತೋರು ಬಂದಿದಾರೆ. ಆ ತಟ್ಟೇಲಿರೋ ಪಟ್ಟಿ ಹಾಗೇ ಇರಲಿ ಅಂತ ಗುರುಗಳಿಗೆ ಹೇಳಲಾ?"

ಥೋವಾ ತಿರುಗಲಿಲ್ಲ. ನೀರಿನೊಳಗೆ ಅವಳ ಬೆರಳುಗಳು ಬಳೆಯ ನಗ್ಗಿದ ಜಾಗವನ್ನು ಹುಡುಕಿ ಮುಟ್ಟಿದವು.

"ಅವರ ಜೊತೆ ಕಳಿಸು," ಎಂದಳು.

ತ್ರಾಕ್‌ಗೆ ತಾನು ಕೇಳಿದ್ದು ಸರಿಯೋ ತಪ್ಪೋ ತಿಳಿಯಲಿಲ್ಲ. "ಪೆಟ್ಟಿಗೆ ಮೇಲಾ?"

"ಹೂಂ. ಪೆಟ್ಟಿಗೆ ಮೇಲೆ."

ಅವನು ಹೋದ. ಹೊರಗೆ ಡೋಲು ಶುರುವಾಯಿತು, ಹೊರುವವರು ಒಂದು, ಎರಡು ಎಂದು ಎಣಿಸಿ ಹೆಗಲು ಕೊಟ್ಟರು.

"ಅಮ್ಮ, ಹೊರಡ್ತಿದಾರೆ," ಎಂದ ಲಾಮ್. "ಕೈ ತೆಗಿ. ಬಾ."

"ಮೊದಲು ಕರೆಂಟ್ ಹಾಕು," ಎಂದಳು ಥೋವಾ. "ನೀರು ತಣ್ಣಗಾಗ್ತಿದೆ."