ದಾರದಂಗಡಿಗೆ ಹೋಗಲ್ಲ ಅಂದ ಮಗಳು

ನಾನು ಟೈಲರ್. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಆರನೇ ತರಗತಿ ಓದುವ ನನ್ನ ಮಗಳು ಒಂದು ತಿಂಗಳಿಂದ ದಾರ, ಗುಂಡಿ ತರಲು ದಾರದಂಗಡಿಗೆ ಹೋಗುವುದಿಲ್ಲ ಎಂದು ಹಟ ಹಿಡಿದಿದ್ದಳು. ಸೋಮಾರಿತನ ಎಂದುಕೊಂಡು ಬೈದು ಕಳಿಸುತ್ತಿದ್ದೆ. ಅಂಗಡಿಯವರು ನಮಗೆ ಬೇಕಾದವರು. ಬಣ್ಣ ಹೊಂದದಿದ್ದರೆ ತಕರಾರಿಲ್ಲದೆ ಬದಲಿಸಿ ಕೊಡುತ್ತಿದ್ದರು.

ಆಗಲೇ ಶಾಲೆಯಿಂದ ಒಪ್ಪಿಗೆ ಚೀಟಿ ಬಂತು. ಮಕ್ಕಳಿಗೆ ಲೈಂಗಿಕ ಆರೋಗ್ಯದ ಪಾಠ ಮಾಡುತ್ತಾರಂತೆ! ನಾನು ಸಹಿ ಹಾಕಲಿಲ್ಲ.

ಆ ಪಾಠ ಮಾಡುವ ನರ್ಸಕ್ಕ ಬಿಳಿ ಕೋಟು ಹೊಲಿಸಲು ಬಂದರು. ಟೇಪು ಹಿಡಿದುಕೊಂಡೇ ಶುರು ಮಾಡಿದೆ.

"ಅಲ್ಲ ನರ್ಸಕ್ಕ, ಹಾಲುಗಲ್ಲದ ಮಕ್ಕಳಿಗೆ ಇದೆಲ್ಲ ಯಾಕೆ? ಇಲ್ಲದ್ದನ್ನ ತಲೆಗೆ ತುಂಬ್ತೀರಲ್ಲ!"

"ಇಲ್ಲದ್ದಲ್ಲಮ್ಮ. ಮೈಯ ಭಾಗಗಳ ಹೆಸರು ಹೇಳ್ಕೊಡ್ತೀವಿ. ಇಷ್ಟ ಇಲ್ಲದೆ ಯಾರಾದ್ರೂ ಮುಟ್ಟಿದ್ರೆ ನಂಬಿಕೆಯವರಿಗೆ ಹೇಳು ಅಂತೀವಿ. ಹುಡುಗರಿಗೂ ಪಾಠ ಇದೆ. ಬೇಡ ಅಂದ್ರೆ ಬೇಡ, ಅಷ್ಟೇ."

"ನಮ್ಮ ಹುಡುಗಿಗೆ ಯಾರೇನು ಮಾಡ್ತಾರೆ? ಸುತ್ತ ಎಲ್ಲ ಗೊತ್ತಿರೋರೇ. ಸ್ವಲ್ಪ ಕೈ ಎತ್ತಿ, ಅಳತೆ ತಗೊಳ್ಳಲಾ?"

ನರ್ಸಕ್ಕ ನಕ್ಕರು. "ನೋಡಿ, ಅಳತೆ ತಗೊಳ್ಳೋದೇ ನಿಮ್ಮ ಕೆಲಸ. ಆದ್ರೂ ಕೇಳದೆ ಮೈ ಮುಟ್ಟಲ್ಲ. ಮಗಳಿಗೆ ಇದನ್ನ ಯಾವತ್ತಾದ್ರೂ ಹೇಳಿದ್ದೀರಾ? ಗೊತ್ತಿರೋರು ಅಂದ್ರಲ್ಲ, ಎಷ್ಟೋ ಸಲ ತೊಂದರೆ ಕೊಡೋರು ಅವರೇ."

ಬಾಗಿಲಲ್ಲಿ ನಿಂತಿದ್ದ ಮಗಳು ಬಿಕ್ಕಿದಳು.

"ಅಮ್ಮ, ದಾರದಂಗಡಿ ಅಂಕಲ್ ಒಳಗೆ ಕರೀತಾರೆ. ತಬ್ಬಿ ಹಿಡ್ಕೋತಾರೆ. ಬಿಡಿ ಅಂದ್ರೂ ಬಿಡಲ್ಲ. ಹೇಳಿದ್ರೆ ನಿಮ್ಮಮ್ಮ ನಿನ್ನನ್ನೇ ಬೈತಾಳೆ ಅಂದ್ರು. ನೀನೂ ಬೈತಾನೇ ಇದ್ದೆ."

ಅಯ್ಯೋ, ಕೈಯಾರೆ ಕಳಿಸಿದವಳು ನಾನೇ! ಅಂಗಡಿಗೆ ನುಗ್ಗಿ ಅವನ ಗ್ರಹಚಾರ ಬಿಡಿಸುವಷ್ಟು ಸಿಟ್ಟು ಬಂತು. ನರ್ಸಕ್ಕ ಅಡ್ಡ ನಿಂತರು. "ಮೊದಲು ಮಗಳನ್ನ ನೋಡಿ" ಎಂದರು.

"ಹತ್ತಿರ ಬರಲಾ ಕಂದ?" ಎಂದೆ. ಅವಳೇ ಓಡಿ ಬಂದು ಅಪ್ಪಿಕೊಂಡಳು.

"ನಿನ್ನ ಮಾತು ನಂಬ್ತೀನಿ. ನಿಂದೇನೂ ತಪ್ಪಿಲ್ಲ. ತಪ್ಪು ಅವನದು" ಎಂದು ಅತ್ತುಬಿಟ್ಟೆ.

ಅಂದೇ ನರ್ಸಕ್ಕನ ಜೊತೆ ಹೋಗಿ ಪೊಲೀಸರಿಗೆ ದೂರು ಕೊಟ್ಟೆವು. ಗೊತ್ತಾದ ಮೇಲೆ ಅವಳಪ್ಪನೇ ಚೀಟಿಗೆ ಸಹಿ ಹಾಕಿ ಶಾಲೆಗೆ ಹೋಗಿ ಕೊಟ್ಟು ಬಂದರು. ಈಗ ಅವಳಿಗೆ ಧೈರ್ಯ ನಿಧಾನವಾಗಿ ಮರಳುತ್ತಿದೆ.

ಅಪ್ಪ ಅಮ್ಮಂದಿರೇ, ಶಾಲೆಯವರು ಈ ಪಾಠಕ್ಕೆ ಒಪ್ಪಿಗೆ ಕೇಳಿದರೆ ಕೊಡಿ. ಪಾಠವೇ ಇಲ್ಲದಿದ್ದರೆ ಕೇಳಿ ಮಾಡಿಸಿ. ಮಗು ಎಲ್ಲಿಗಾದರೂ ಹೋಗಲ್ಲ ಎಂದರೆ ನನ್ನ ಹಾಗೆ ಬೈಯಬೇಡಿ, ಯಾಕೆ ಎಂದು ಕೇಳಿ. ಹೇಳಿದ್ದನ್ನು ನಂಬಿ. ನನ್ನ ಮಗಳು ತಿಂಗಳಿಡೀ ಒಬ್ಬಳೇ ಸಹಿಸಿದಳು. ನಿಮ್ಮ ಮಗು ಒಂದು ದಿನವೂ ಹಾಗೆ ಸಹಿಸುವುದು ಬೇಡ.