ಹೆಸರು ಕಳಚಿದ ನಳಿಕೆ

ನಾನು ಪ್ರಯೋಗಾಲಯದ ಫ್ರೀಜರ್. ದೂರದ ಊರಿನ ಕಾರ್ಖಾನೆಯಲ್ಲಿ ತಗಡು ಬಾಗಿಸಿ, ಬೆಸುಗೆ ಹಾಕಿ ನನ್ನನ್ನು ಕಟ್ಟಿದರು. ನನ್ನೊಳಗಿನ ಚಳಿ ಸೊನ್ನೆಗಿಂತ ಎಂಬತ್ತು ಡಿಗ್ರಿ ಕೆಳಗೆ. ಲಾರಿಯಲ್ಲಿ ಹುಬ್ಬಳ್ಳಿಗೆ ಬಂದು, ಮಕ್ಕಳ ಆಸ್ಪತ್ರೆಯೊಂದರ ಹಿಂಬದಿಯ ಕೋಣೆ ಸೇರಿದೆ. ಯಾವ ಕಾಯಿಲೆಯೆಂದು ತಿಳಿಯದ ಮಕ್ಕಳ ರಕ್ತವನ್ನು ಬೆರಳುದ್ದದ ನಳಿಕೆಗಳಲ್ಲಿ ತುಂಬಿ ನನ್ನೊಳಗೆ ಇಡುತ್ತಿದ್ದರು. ಇಂದಲ್ಲ ನಾಳೆ ಅದಕ್ಕೊಂದು ಪರೀಕ್ಷೆ ಬಂದೀತೆಂಬ ಆಸೆ.

ಮೊದಮೊದಲು ಎಲ್ಲವೂ ಸಾಲಾಗಿತ್ತು. ಆಮೇಲೆ ಓದಲು ಬಂದವರೆಲ್ಲ ತಮ್ಮ ತಮ್ಮ ಡಬ್ಬಿಗಳನ್ನು ಸಿಕ್ಕಲ್ಲಿ ತುರುಕಿದರು. ಓದು ಮುಗಿಸಿ ಹೋಗುವಾಗ ಯಾರೂ ಯಾರಿಗೂ ಹೇಳಿ ಹೋಗಲಿಲ್ಲ. ಹಿಮ ಬೆಳೆದು ಡಬ್ಬಿಗಳು ಒಂದಕ್ಕೊಂದು ಅಂಟಿಕೊಂಡವು. ನನ್ನ ಚಳಿಗೆ ಕಾಗದದ ಚೀಟಿಯ ಅಂಟು ತಾಳುವುದಿಲ್ಲ. ರಕ್ತವನ್ನು ಕೆಡದಂತೆ ಕಾಯುತ್ತಿದ್ದವನೇ ಅದರ ಮೇಲಿನ ಹೆಸರುಗಳನ್ನು ಉದುರಿಸುತ್ತಿದ್ದೆ.

ರಕ್ತನಿಧಿಯಲ್ಲಿ ಕೆಲಸ ಮಾಡುತ್ತಿದ್ದ ನಾಗವೇಣಿ ನನ್ನ ಹೊಣೆ ಹೊತ್ತು ಬಂದದ್ದು ಆಗ. ಬಾಗಿಲು ತೆರೆದು ನೋಡಿ ಮುಚ್ಚಿದಳು. ಒಂದೊಂದೇ ಅರೆಯನ್ನು ಸರಿಪಡಿಸತೊಡಗಿದಳು. ಅರ್ಧವೂ ಆಗಿರಲಿಲ್ಲ, ಅಷ್ಟರಲ್ಲಿ ರೇಣವ್ವ ಬಂದಳು.

ರೇಣವ್ವನ ಮೊದಲ ಕೂಸು ನಾಲ್ಕು ವರ್ಷದ ಹಿಂದೆ ಇದೇ ಆಸ್ಪತ್ರೆಯಲ್ಲಿ ತೀರಿಕೊಂಡಿತ್ತು. ಕೈಕಾಲು ಸೋತು ಸೋತು, ಕೊನೆಗೆ ಉಸಿರೆಳೆಯುವ ಶಕ್ತಿಯೂ ಉಳಿದಿರಲಿಲ್ಲ. ಈಗ ಅವಳು ಮತ್ತೆ ಬಸುರಿ. ಸತ್ತ ಕೂಸಿನ ರಕ್ತದಲ್ಲಿ ದೋಷ ಯಾವುದೆಂದು ತಿಳಿದರೆ, ಹೊಟ್ಟೆಯಲ್ಲಿರುವ ಕೂಸಿಗೂ ಅದಿದೆಯೇ ಎಂದು ನೋಡಬಹುದು ಎಂದು ಡಾಕ್ಟರ್ ವಾರಿಜಾ ಹೇಳಿದ್ದರು.

"ನನ್ನ ಕೂಸಿನ ರಕ್ತ ಇದರಾಗ ಐತೇನ್ರಿ?" ರೇಣವ್ವ ನನ್ನನ್ನೇ ನೋಡುತ್ತ ಕೇಳಿದಳು.

"ಇರಬೇಕವ್ವಾ," ಎಂದಳು ನಾಗವೇಣಿ.

"ಇರಬೇಕು ಅಂದ್ರ?"

ನಾಗವೇಣಿ ಕೈಗವಸು ಎಳೆದುಕೊಂಡಳು.

ಬಾಗಿಲು ತೆರೆದಿಟ್ಟು ಹುಡುಕುವಂತಿಲ್ಲ. ಉಳಿದ ಮಕ್ಕಳ ರಕ್ತ ಕರಗುತ್ತದೆ. ಒಂದು ಡಬ್ಬಿ ತೆಗೆಯುವುದು, ಬಾಗಿಲು ಹಾಕುವುದು, ಒಣ ಮಂಜುಗಡ್ಡೆಯ ಮೇಲಿಟ್ಟು ನೋಡುವುದು, ಮತ್ತೆ ಒಳಗಿಡುವುದು. ಎರಡು ಕೈಗವಸು ಹಾಕಿದರೂ ನಾಗವೇಣಿಯ ಬೆರಳುಗಳು ಮರಗಟ್ಟುತ್ತಿದ್ದವು. ಕೂಸು ತೀರಿಕೊಂಡ ವರ್ಷ ಇಟ್ಟ ಡಬ್ಬಿ ಕೊನೆಗೂ ಸಿಕ್ಕಿತು. ಆದರೆ ಅದರಲ್ಲಿ ಮೂರು ನಳಿಕೆಗಳಿಗೆ ಹೆಸರೇ ಇರಲಿಲ್ಲ. ಹೆಸರಿದ್ದ ಯಾವುದೂ ರೇಣವ್ವನ ಕೂಸಿನದಲ್ಲ. ನಾಗವೇಣಿ ನನ್ನ ಬಾಗಿಲಿಗೆ ಹಣೆ ಆನಿಸಿ ನಿಂತುಬಿಟ್ಟಳು.

"ತಾಯಿ ರಕ್ತದ ಜೊತಿ ಹೋಲಿಸಿ ನೋಡೋಣ. ಮೂರರಾಗ ಅವಳ ಮಗು ಇದ್ರ ಗೊತ್ತಾಗ್ತದ," ಎಂದರು ವಾರಿಜಾ.

ಎರಡನೆಯ ನಳಿಕೆ ತಾಯಿಯ ರಕ್ತಕ್ಕೆ ಹೊಂದಿತು. ದೋಷವೂ ಅದರಲ್ಲಿ ಕಂಡಿತು. ಕೆಲವು ವಾರಗಳ ಬಳಿಕ, ಹೊಟ್ಟೆಯ ಕೂಸಿಗೆ ಆ ಕಾಯಿಲೆ ಇಲ್ಲವೆಂಬ ವರದಿ ಬಂತು. ರೇಣವ್ವ ನೆಲದ ಮೇಲೆ ಕೂತು ಬಹಳ ಹೊತ್ತು ಸೆರಗಿನ ಅಂಚನ್ನು ಸುತ್ತುತ್ತಿದ್ದಳು.

"ಅದರಾಗ ಇನ್ನೂ ಉಳದೈತೇನ್ರಿ?" ಎಂದು ಕೇಳಿದಳು.

"ಸ್ವಲ್ಪ ಐತಿ. ಬ್ಯಾಡ ಅಂದ್ರ ತೆಗಿಸ್ತೀವಿ," ಎಂದಳು ನಾಗವೇಣಿ.

"ಇರ್ಲಿ ಬಿಡ್ರಿ. ಮಲ್ಲೇಶಿ ಅಂತ ಬರೀರಿ. ಹೆಸರಿಡೋಕ ಮೊದಲ ದವಾಖಾನಿಗೆ ತಂದಿದ್ವಿ. ಇಲ್ಲಿ ಬರೀ ರೇಣವ್ವನ ಕೂಸು ಅಂತ ಬರಸಿದ್ವಿ."

ಚಳಿಗೂ ಅಂಟು ಬಿಡದ ಚೀಟಿಯ ಮೇಲೆ ನಾಗವೇಣಿ ಆ ಹೆಸರು ಬರೆದಳು.

ವರ್ಷಗಳು ಕಳೆದು ನನ್ನ ಯಂತ್ರ ಸೋತಿತು. ಹೊಸ ಫ್ರೀಜರ್ ಬಂತು. ಡಬ್ಬಿಗಳನ್ನು ಸಾಗಿಸುವ ದಿನ, ಯಾರದೆಂದು ಕೊನೆಗೂ ತಿಳಿಯದ ನಳಿಕೆಗಳೆಲ್ಲ ಮೇಜಿನ ಮೇಲೆ ಉಳಿದವು. ಹೊಸದರಲ್ಲಿ ಜಾಗ ಕಡಿಮೆ ಇತ್ತು.

"ಇವು ಯಾರವು ಅಂತ ಗೊತ್ತಿಲ್ಲಲ್ಲ, ನಾಗವೇಣಿ," ಎಂದರು ವಾರಿಜಾ ಮೆಲ್ಲಗೆ.

"ಗೊತ್ತಿಲ್ರಿ ಮೇಡಂ. ಆದ್ರ ಯಾರದೋ ಮಕ್ಕಳು ಅನ್ನೋದು ಗೊತ್ತದಲ್ರಿ."

ವಾರಿಜಾ ತಾವೇ ಆ ನಳಿಕೆಗಳನ್ನು ಒಂದು ಡಬ್ಬಿಗೆ ಜೋಡಿಸಿ ಹೊಸ ಫ್ರೀಜರಿನ ಕೆಳಗಿನ ಅರೆಯಲ್ಲಿ ಇಟ್ಟು ಬಂದರು.

ಈಗ ನಾನು ವರಾಂಡದ ಮೂಲೆಯಲ್ಲಿದ್ದೇನೆ. ಬಾಗಿಲು ತೆರೆದೇ ಇದೆ. ಒಳಗಿನ ಹಿಮವೆಲ್ಲ ನೀರಾಗಿ ಹರಿದು ಒಣಗಿದೆ. ಕಾದು ಕೂತವರ ಕೈಯಿಂದ ಇಳಿದ ಪುಟ್ಟ ಮಕ್ಕಳು ನನ್ನ ಖಾಲಿ ಅರೆಗಳಲ್ಲಿ ತಲೆ ಹಾಕಿ ಕೂಗುತ್ತಾರೆ. ಅವರ ದನಿ ನನ್ನೊಳಗೆ ಒಂದು ಸುತ್ತು ತಿರುಗಿ ಅವರಿಗೇ ಮರಳುತ್ತದೆ. ಅವರ ತಾಯಂದಿರು ಹೆಸರು ಹಿಡಿದು ಕರೆಯುತ್ತಾರೆ. ಮಕ್ಕಳು ಓಡಿಹೋಗುತ್ತಾರೆ.